ಹತ್ತನೇ ತರಗತಿಯ ‘ರೇಷನ್ ವಾರ’ದ ಬಗ್ಗೆ ಪೋಷಕರಿಗೆ ಪತ್ರ

ಬಂಗಾರಪೇಟೆ

ಮಾನ್ಯ ಪೋಷಕರೇ, ನಮಸ್ಕಾರ.

ಹತ್ತನೇ ತರಗತಿ ‘ಎ’ ಸೆಕ್ಷನ್‌ನಲ್ಲಿ ನಡೆದ ‘ರೇಷನ್ ವಾರ’ದ ಬಗ್ಗೆ ಕೆಲವರು ಆಫೀಸಿಗೆ ಬಂದು ಮಾತಾಡಿದಿರಿ. ಇನ್ನು ಕೆಲವರು ವಾಟ್ಸಾಪ್ ಗ್ರೂಪಿನಲ್ಲಿ ಬೇಸರ ಹೇಳಿಕೊಂಡಿದ್ದೀರಿ. ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಟ್ಟರು ಅನ್ನುವ ಮಾತೂ ಬಂದಿದೆ.

ಯಾವ ಮಗುವನ್ನೂ ಹಸಿದು ಕೂರಿಸಿಲ್ಲ. ಬಿಸಿಯೂಟ ಎಂದಿನಂತೆ ನಡೆದಿದೆ. ಮಕ್ಕಳು ಮಾಡಿದ್ದು ಇಷ್ಟೇ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನಲ್ಲಿ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದ ಸಕ್ಕರೆ ಸುಮಾರು 227 ಗ್ರಾಂ, ಟೀ ಪುಡಿ 57 ಗ್ರಾಂ. ಅದನ್ನು ಲ್ಯಾಬಿನ ತಕ್ಕಡಿಯಲ್ಲಿ ತೂಗಿ, ಪೊಟ್ಟಣ ಕಟ್ಟಿ ಮನೆಗೆ ತಂದರು. ಒಂದು ವಾರ ಅದರಲ್ಲೇ ಸಾಗಿಸಿ ನೋಡಿ ಎಂದು ಮೇಷ್ಟ್ರು ಹೇಳಿದ್ದು ನಿಜ. ಆದರೆ ಸಕ್ಕರೆ, ಟೀ ಪುಡಿ ಮಾತ್ರ. ಮುದ್ದೆ, ಅನ್ನ, ಸಾರು, ಹಾಲಿಗೆ ಯಾವ ಅಳತೆಯೂ ಇಲ್ಲ.

ಪೋರ್ಷನ್ ಹಿಂದೆ ಬಿದ್ದಿಲ್ಲ. ಮಹಾಯುದ್ಧದ ಪಾಠ ಸಮಾಜ ವಿಜ್ಞಾನದ್ದೇ.

ಇಷ್ಟೆಲ್ಲ ಯಾಕೆ ಬೇಕಿತ್ತು ಅಂತ ಕೇಳಿದಿರಿ. ನಮ್ಮ ಮಕ್ಕಳು ಯುದ್ಧ ನೋಡುವುದು ಫೋನಿನಲ್ಲಿ. ಅಲ್ಲಿ ಬರೀ ಬೆಂಕಿ, ಸದ್ದು, ಕೊನೆಗೆ ಯಾರು ಗೆದ್ದರು ಅನ್ನುವುದು. ಅಡುಗೆಮನೆ ಕಾಣುವುದಿಲ್ಲ. ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ ಶುರುವಾದ ರೇಷನ್ ಪೂರ್ತಿ ನಿಂತದ್ದು 1954ರಲ್ಲಿ. ಯುದ್ಧ 1945ಕ್ಕೇ ಮುಗಿದಿತ್ತು! ಬ್ರೆಡ್ಡಿಗೆ ರೇಷನ್ ಬಂದದ್ದೇ ಗೆದ್ದ ಮೇಲೆ, 1946ರಲ್ಲಿ. ಇದನ್ನು ಕೇಳಿ ಮಕ್ಕಳು ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಿಸಿಕೊಳ್ಳಬೇಕಿತ್ತು.

ಅದು ಅವರ ದೇಶದ ಕಥೆ, ನಮಗ್ಯಾಕೆ ಅನ್ನಬೇಡಿ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿತು, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಮೇಲೆ ಚಂಡಮಾರುತ, ಏರಿದ ಬೆಲೆ. 1943ರ ಬಂಗಾಳದ ಬರಗಾಲದಲ್ಲಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಗುಂಡು ತಾಗಿ ಸತ್ತವರಲ್ಲ ಅವರು. ಒಬ್ಬ ಹುಡುಗ ತಾತನ ಪೆಟ್ಟಿಗೆಯಿಂದ ತೂತು ಕಾಸು ತಂದಿದ್ದ. ಅದೂ 1943ರದ್ದೇ. ತಾಮ್ರ ಉಳಿಸಲು ಕಾಸಿನ ನಡುವೆಯೇ ತೂತು ಇಟ್ಟ ಕಾಲ. ಇನ್ನು ನಮ್ಮದು ಚಿನ್ನದ ಗಣಿಯ ಜಿಲ್ಲೆ. 1962ರಲ್ಲಿ ಚೀನಾ ಜೊತೆ ಯುದ್ಧವಾದ ಮೇಲೆ, 1963ರ ಜನವರಿಯಲ್ಲಿ ಚಿನ್ನದ ನಿಯಂತ್ರಣ ಬಂತು. ಹೊಸ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ ಎಂದಾಯಿತು. ದೇಶದ ತುಂಬ ಎಷ್ಟೋ ಅಕ್ಕಸಾಲಿಗರ ಕೆಲಸ ಹೋಯಿತು. ಹಿಮಾಲಯದ ಗಡಿಯ ಯುದ್ಧ ಊರೂರಿನ ಕುಲುಮೆಯವರೆಗೆ ಬಂದದ್ದು ಹೀಗೆ.

ಅಂಗಿಗೆ ಹೆಸರಿನ ಚೀಟಿ ಸಿಕ್ಕಿಸಿಕೊಂಡು ಮಗಳು ಮನೆಗೆ ಬಂದಳು, ಇದು ಅಪಶಕುನ ಎಂದು ಒಬ್ಬ ತಾಯಿ ಕಣ್ಣೀರು ಹಾಕಿದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. 1939ರ ಸೆಪ್ಟೆಂಬರ್‌ನಲ್ಲಿ ಬಾಂಬಿನ ಭಯಕ್ಕೆ ಬ್ರಿಟನ್ನಿನ ನಗರಗಳಿಂದ ಕೆಲವೇ ದಿನದಲ್ಲಿ ಸುಮಾರು 15 ಲಕ್ಷ ಜನರನ್ನು ಹಳ್ಳಿಗಳ ಕಡೆ ಸಾಗಿಸಿದರು. ಅರ್ಧಕ್ಕಿಂತ ಜಾಸ್ತಿ ಶಾಲೆ ಮಕ್ಕಳು. ಹೆಸರಿನ ಚೀಟಿ ಕಟ್ಟಿಸಿಕೊಂಡು, ಅಪ್ಪ ಅಮ್ಮನನ್ನು ಬಿಟ್ಟು ರೈಲು ಹತ್ತಿದವರು. ನಮ್ಮದು ಜಂಕ್ಷನ್ ಊರು, ಅಪ್ಪಂದಿರು ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತುತ್ತಾರೆ. ಹಾಗಾಗಿ ಮಕ್ಕಳಿಗೆ ಇದು ತಟ್ಟನೆ ನಾಟಿತು. ಆದರೂ ಮನೆಯವರಿಗೆ ನೋವಾಗುವುದು ಬೇಡ. ಇನ್ನು ಮುಂದೆ ಚೀಟಿಯನ್ನು ನೋಟ್ಸ್ ಪುಸ್ತಕಕ್ಕೆ ಅಂಟಿಸುತ್ತಾರೆ.

ಆದರೆ ಪೊಟ್ಟಣ ಕೈಬಿಡುವುದಿಲ್ಲ. 1965ರ ಯುದ್ಧದ ಹೊತ್ತಿನಲ್ಲಿ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಎಂದು ಇಡೀ ದೇಶವನ್ನೇ ಕೇಳಿಕೊಂಡಿದ್ದರು. ನಾವು ಒಂದು ತುತ್ತನ್ನೂ ಬಿಡಿ ಅನ್ನುತ್ತಿಲ್ಲ. ಮಗು ಟೀಗೆ ಇನ್ನೊಂದು ಚಮಚ ಸಕ್ಕರೆ ಬೇಕು ಅಂದರೆ ಹಾಕಿಕೊಡಿ, ಗದರಬೇಡಿ. ಎಷ್ಟನೇ ದಿನಕ್ಕೆ ಪೊಟ್ಟಣ ಖಾಲಿಯಾಯಿತು ಅಂತ ಬರೆದರೆ ಸಾಕು. ಮೈ ಹುಷಾರಿಲ್ಲದ ಮಕ್ಕಳಿಗೆ ಇದು ಬೇಡವೇ ಬೇಡ. ನಿಮಗೆ ಒಪ್ಪಿಗೆ ಇಲ್ಲದಿದ್ದರೂ ಬಲವಂತವಿಲ್ಲ. ನಿಮ್ಮ ಮಗು ತೂಗಿ, ಲೆಕ್ಕ ಬರೆದು, ಪೊಟ್ಟಣವನ್ನು ಶಾಲೆಯಲ್ಲೇ ಬಿಟ್ಟು ಬರಲಿ.

‘ಬಿ’ ಸೆಕ್ಷನ್‌ಗೆ ಬರುವ ಸೋಮವಾರ ಶುರು. ಜೊತೆಗಿರುವ ಒಪ್ಪಿಗೆ ಚೀಟಿಗೆ ಸಹಿ ಮಾಡಿ ಶನಿವಾರದೊಳಗೆ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕರು