ಬೆಲ್ಲ ಕೊಳ್ಳಲು ಬಂದಿದ್ದ ಸಹೋದರರಿಗೆ

ಮಂಡ್ಯದ ಪೇಟೆ ಬೀದಿಯ ನಮ್ಮ ದಿನಸಿ ಅಂಗಡಿಗೆ ಶನಿವಾರ ಬಂದಿದ್ದವರೇ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟುಬಿಟ್ಟಿರಿ. ನಾಲ್ಕು ಕಂಪ್ಯೂಟರ್‌ಗಳಲ್ಲಿ ಎರಡಕ್ಕೆ ಸರ್ವರ್ ಸಿಗುತ್ತಿರಲಿಲ್ಲ. ಗಿರಾಕಿಗಳ ಸಾಲು ಬಾಗಿಲು ದಾಟಿತ್ತು. ಕೇಬಲ್ ಬದಲಿಸಿ ಬದಲಿಸಿ ನನಗೆ ಸಾಕಾಗಿತ್ತು. ನೀವು ಮೊದಲು ನೋಡಿದ್ದು ಐಪಿ ವಿಳಾಸ, ಅಂದರೆ ಜಾಲದಲ್ಲಿ ಪ್ರತಿ ಕಂಪ್ಯೂಟರ್‌ಗೂ ಸಿಗುವ ಗುರುತಿನ ಸಂಖ್ಯೆ: ಸರಿಯಿದ್ದವಕ್ಕೆ 192.168.1ರ ಸಾಲು, ಕೈಕೊಟ್ಟವಕ್ಕೆ 192.168.0ರ ಸಾಲು. ವೈಫೈಗೆಂದು ಹಿಂದಿನ ದಿನವಷ್ಟೇ ಹಾಕಿಸಿದ್ದ ಹೊಸ ರೂಟರ್ ಕೂಡ ವಿಳಾಸ ಹಂಚುತ್ತಿತ್ತು! ಹಾಗೆ ತಾನಾಗಿ ವಿಳಾಸ ಹಂಚುವ ಅದರ ಡಿಎಚ್‌ಸಿಪಿ ವ್ಯವಸ್ಥೆಯನ್ನು ನಿಲ್ಲಿಸಿದಿರಿ, ಸರ್ವರ್‌ಗೆ ಸ್ಥಿರ ವಿಳಾಸ ಕೊಟ್ಟಿರಿ, ಅದನ್ನು ಚೀಟಿಯಲ್ಲಿ ದುಂಡಗೆ ಬರೆದು ರೂಟರ್ ಬೆನ್ನಿಗೆ ಅಂಟಿಸಿದಿರಿ. ಆ ಚೀಟಿಯನ್ನು ಯಾರೂ ಕೀಳದಂತೆ ಹೇಳಿದ್ದೇನೆ. ಬೆಲ್ಲದ ಹಣವನ್ನೂ ಎಣಿಸಿಟ್ಟು ಹೋದಿರಲ್ಲ, ಅದೊಂದೇ ನನಗೆ ಬೇಸರ. ತುಂಬು ಹೃದಯದ ಧನ್ಯವಾದಗಳು. ಇನ್ನೊಮ್ಮೆ ಬನ್ನಿ, ಅಮ್ಮನೂ ನಿಮ್ಮನ್ನು ನೋಡಬೇಕೆನ್ನುತ್ತಿದ್ದಾರೆ.