ವೆಬ್‌ಸೈಟಿನ ಹಳೇ ಲೆಕ್ಕ ಅಳಿಸ್ತಿದ್ದೀವಿ: ನಮ್ಮ ಬೆಲ್ಲದ ಗ್ರಾಹಕರಿಗೆ ಒಂದು ಪತ್ರ

ಎಲ್ರಿಗೂ ನಮಸ್ಕಾರ,

ಮಂಡ್ಯದಿಂದ ನಿಮ್ಮ ಬೆಲ್ಲದ ಸಂಘದವರು ಬರೀತಿರೋದು. ಈ ಸಲ ರೇಟಿನ ವಿಷಯ ಅಲ್ಲ. ನಮ್ಮ ವೆಬ್‌ಸೈಟಿಗೆ ಯಾರು ಬಂದ್ರು, ಯಾವ ಪೇಜ್ ನೋಡಿದ್ರು, ಏನು ಹುಡುಕಿದ್ರು ಅಂತ 2022ರಿಂದ ಸೇರ್ಕೊಂಡು ಬಂದಿರೋ ಲೆಕ್ಕ ಇದೆಯಲ್ಲ, ಅನಾಲಿಟಿಕ್ಸ್ ಅಂತಾರೆ, ಅದನ್ನ ಈ ತಿಂಗಳು 25ಕ್ಕೆ ಅಳಿಸ್ತಿದ್ದೀವಿ. ಅದ್ರಲ್ಲಿರೋದು ನಿಮ್ಮ ವಿಷಯ, ಹಾಗಾಗಿ ಯಾಕೆ ಅಂತ ನಿಮಗೆ ಹೇಳಲೇಬೇಕು.

ಶುರುವಾಗಿದ್ದು ಜಾಗ ಸಾಲ್ದೆ. ಸರ್ವರ್ ತುಂಬ್ತಾ ಬಂದಿತ್ತು, ವೆಬ್‌ಸೈಟ್ ನೋಡ್ಕೊಳ್ಳೋ ಹುಡುಗ ಬಂದು ಅರ್ಧಕ್ಕಿಂತ ಜಾಸ್ತಿ ಜಾಗ ಈ ಲೆಕ್ಕಾನೇ ತಿಂತಿದೆ ಸಾರ್, ಹಳೇದು ತೆಗೆದುಬಿಡ್ಲಾ ಅಂದ. ನಾನು ಬೇಡವೇ ಬೇಡ ಅಂದೆ. ಯಾಕಂದ್ರೆ ನಮಗೆ ಒಂದ್ಸಲ ಆಗಿದೆ. ಮೊದಲು ಗೂಗಲ್‌ನ ಯೂನಿವರ್ಸಲ್ ಅನಾಲಿಟಿಕ್ಸ್ ಹಾಕ್ಕೊಂಡಿದ್ವಿ, ಅದು 2023ರ ಜುಲೈ 1ಕ್ಕೆ ಹೊಸ ಲೆಕ್ಕ ನಿಲ್ಲಿಸ್ತು, 2024ರ ಜುಲೈಗೆ ಹಳೇದೂ ಹೋಯ್ತು. ಅವ್ರು ತುಂಬ ಮುಂಚೇನೇ ಹೇಳಿದ್ರು, ಡೌನ್‌ಲೋಡ್ ಮಾಡ್ಕೊಳ್ಳದೆ ಬಿಟ್ಟಿದ್ದು ನಾವು. ಆಮೇಲೆ ಬೇಕು ಅಂದಾಗ ಸಿಗಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ. ಈಗಿರೋದು ಮಟೊಮೊ ಅಂತ, ಅದೇ ಥರ ಲೆಕ್ಕ ಇಡೋ ಸಾಫ್ಟ್‌ವೇರ್, ನಮ್ಮ ಸರ್ವರಲ್ಲೇ ಇರುತ್ತೆ, ನಾವು ಅಳಿಸದಿದ್ರೆ ಅಲ್ಲೇ ಇರುತ್ತೆ.

ಹಳೇ ಲೆಕ್ಕದಿಂದ ಉಪಯೋಗ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. "ಬೆಲ್ಲ ಯಾಕೆ ಕಪ್ಪಗಿದೆ" ಅಂತ ಹುಡುಕೋರು ತುಂಬ ಜನ ಇದ್ರು, ಅದನ್ನ ನೋಡೇ ನಾವು ಹೈಡ್ರೋಸ್ (ಬೆಲ್ಲದ ಬಣ್ಣ ತಿಳಿ ಮಾಡೋ ಕೆಮಿಕಲ್) ಹಾಕಲ್ಲ, ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೀತೀವಿ, ಅದಕ್ಕೇ ಬಣ್ಣ ಹಿಂಗೆ ಅಂತ ಒಂದು ಪೇಜ್ ಬರೆದಿದ್ದು. ಇನ್ನು ಹಬ್ಬದ ಲೆಕ್ಕ. ಸಂಕ್ರಾಂತಿಗೆ ತೊಂದ್ರೆ ಇಲ್ಲ, ಜನವರಿ ಮಧ್ಯ ಬಿಟ್ಟು ಕದಲಲ್ಲ, ಎಳ್ಳು ಬೆಲ್ಲಕ್ಕೆ ಅಚ್ಚು ಯಾವಾಗ ಹುಯ್ಯಬೇಕು ಅಂತ ಆಲೆಮನೆಯೋರಿಗೇ ಗೊತ್ತು. ಆದ್ರೆ ಗಣೇಶನ ಹಬ್ಬ 2022ರಲ್ಲಿ ಆಗಸ್ಟ್ 31ಕ್ಕೆ ಬಂತು, 2023ರಲ್ಲಿ ಅಧಿಕ ಶ್ರಾವಣ ಅಂತ ಸೆಪ್ಟೆಂಬರ್ 18ಕ್ಕೆ ಹೋಯ್ತು, 2024ರಲ್ಲಿ ಸೆಪ್ಟೆಂಬರ್ 7. ತಿಂಗಳ ಮೊತ್ತ ಇಟ್ಕೊಂಡು ಈ ಸಲ ಆಗಸ್ಟಲ್ಲಿ ಜನ ಕಮ್ಮಿಯಾದ್ರು ಅಂತ ಗಾಬರಿ ಬಿದ್ರೆ ಅರ್ಥ ಇಲ್ಲ, ಹಬ್ಬಕ್ಕೆ ಎಷ್ಟು ದಿನ ಮುಂಚೆ ಜನ ಬರೋಕೆ ಶುರು ಮಾಡ್ತಾರೆ ಅನ್ನೋದು ದಿನದ ಲೆಕ್ಕ ಇದ್ರೆ ಮಾತ್ರ ತಿಳಿಯೋದು. ಅದಕ್ಕೇ ನಾನು ಬಿಡೋಕೆ ತಯಾರಿರ್ಲಿಲ್ಲ.

ಆಮೇಲೆ ಆ ಹುಡುಗ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, ಒಂದ್ಸಲ ಒಳಗಡೆ ಏನಿದೆ ನೋಡಿ ಸಾರ್ ಅಂದ. ನೋಡಿದೆ. ರಾತ್ರಿ ಹನ್ನೊಂದೂವರೆ ದಾಟಿದೆ, ಯಾರೋ ಒಬ್ರು ಮೊಬೈಲಿಂದ ಬಂದು "ಬಾಣಂತಿಗೆ ಯಾವ ಬೆಲ್ಲ" ಅಂತ ಹುಡುಕಿದಾರೆ, ಎರಡು ಪೇಜ್ ಓದಿದಾರೆ, ಆಮೇಲೆ ಹಳೇ ಆರ್ಡರ್ ಎಲ್ಲಿದೆ ಅಂತ ನೋಡೋ ಲಿಂಕ್ ಒತ್ತಿದಾರೆ. ಆ ಲಿಂಕಲ್ಲಿ ಅವರ ಫೋನ್ ನಂಬರ್ ಪೂರ್ತಿ ಇತ್ತು. ನಾವು ಎಸ್ಸೆಮ್ಮೆಸ್ಸಲ್ಲಿ ಕಳಿಸ್ತಿದ್ದ ಟ್ರ್ಯಾಕಿಂಗ್ ಲಿಂಕನ್ನ ಹಾಗೇ ಮಾಡಿಸಿದ್ವಿ, ಸುಲಭ ಆಗುತ್ತೆ ಅಂತ. ಯಾರ ಮನೇಲಿ ಬಾಣಂತಿ ಇದ್ದಾರೆ, ಯಾರಿಗೆ ಶುಗರ್ ಇದೆ ಅನ್ನೋದು ಬೆಲ್ಲ ಮಾರೋ ನಮಗೆ ಯಾಕೆ ಗೊತ್ತಿರ್ಬೇಕು? ಗೊತ್ತಾದ್ರೂ ಅದನ್ನ ವರ್ಷಗಟ್ಟಲೆ ಇಟ್ಕೊಳ್ಳೋಕೆ ನಾವ್ಯಾರು? ಹುಡುಕೋ ಬಾಕ್ಸಲ್ಲೇ ಮನೆ ವಿಳಾಸ ಟೈಪ್ ಮಾಡಿದೋರೂ ಇದ್ರು. ಈ ಡೇಟಾ ಹೊರಗೆಲ್ಲೂ ಹೋದ ಸುಳಿವಿಲ್ಲ, ಆದ್ರೆ ಸೇರಿಸಿಟ್ಟಿದ್ದೇ ತಪ್ಪು, ಅದಕ್ಕೆ ನಿಮ್ಮೆಲ್ಲರ ಕ್ಷಮೆ ಕೇಳ್ತೀವಿ.

ಮಟೊಮೊದಲ್ಲಿ ಒಬ್ಬೊಬ್ಬರು ಬಂದುಹೋದ ಕಚ್ಚಾ ಲೆಕ್ಕ ಬೇರೆ, ಅದನ್ನ ಕೂಡಿಸಿ ಮಾಡಿದ ರಿಪೋರ್ಟ್ ಬೇರೆ ಇರುತ್ತೆ. ಕಚ್ಚಾದು ಅಳಿಸಿ ರಿಪೋರ್ಟ್ ಇಟ್ಕೋಬಹುದು, ನಾವೂ ಮೊದಲು ಅಷ್ಟೇ ಸಾಕು ಅನ್ಕೊಂಡ್ವಿ. ಆದ್ರೆ ಯಾವ ಪೇಜ್ ಎಷ್ಟು ಜನ ನೋಡಿದ್ರು ಅನ್ನೋ ರಿಪೋರ್ಟಲ್ಲಿ ಪೇಜಿನ ಲಿಂಕೇ ಇರೋದಲ್ವಾ, ಅಂದ್ರೆ ಅಲ್ಲೂ ಅದೇ ಫೋನ್ ನಂಬರ್, ಹುಡುಕಿದ ಪದಗಳ ರಿಪೋರ್ಟಲ್ಲಿ ಅದೇ ವಿಳಾಸ. ಹಾಗಾಗಿ ಎರಡೂ ಹೋಗುತ್ತೆ. ಅದಕ್ಕೆ ಮುಂಚೆ, ದಿನಕ್ಕೆ ಎಷ್ಟು ಜನ ಬಂದ್ರು, ಎಷ್ಟು ಆರ್ಡರ್ ಆಯ್ತು, ಅಷ್ಟು ಮಾತ್ರ ಒಂದು ಎಕ್ಸೆಲ್ ಶೀಟಿಗೆ ಇಳಿಸ್ಕೋತೀವಿ, ಅದ್ರಲ್ಲಿ ಯಾರ ಹೆಸರೂ ನಂಬರೂ ಇರಲ್ಲ, ಗಣೇಶನ ಹಬ್ಬಕ್ಕೆ ಅಷ್ಟಿದ್ರೆ ಸಾಕು. ಬ್ಯಾಕಪ್ಪಲ್ಲಿರೋ ಕಾಪಿಗಳು ಇನ್ನೊಂದು 30 ದಿನದಲ್ಲಿ ತಾವಾಗೇ ಹೋಗ್ತವೆ, ಆಫೀಸಿನ ಪೆನ್‌ಡ್ರೈವಲ್ಲಿದ್ದದ್ದನ್ನ ಆಗ್ಲೇ ಅಳಿಸಿದ್ದೀವಿ.

ನಿಮ್ಮ ಬಿಲ್ಲುಗಳು ಮಾತ್ರ ಇರ್ತವೆ. ಜಿಎಸ್‌ಟಿ ಕಾನೂನಲ್ಲಿ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಲೆಕ್ಕ ಇಡಬೇಕು ಅಂತಿದೆ, ಅದು ನಮ್ಮ ಕೈಲಿಲ್ಲ.

ನಿಮಗೆ ಏನು ಬದಲಾಗುತ್ತೆ ಅಂದ್ರೆ, ಹಳೇ ಎಸ್ಸೆಮ್ಮೆಸ್ಸಿನ ಟ್ರ್ಯಾಕಿಂಗ್ ಲಿಂಕ್ ಇನ್ಮುಂದೆ ತೆರ್ಕೊಳ್ಳಲ್ಲ. ಆರ್ಡರ್ ದಾರೀಲಿರೋರಿಗೆ ಹೊಸ ಲಿಂಕ್ ಬರುತ್ತೆ, ಅದ್ರಲ್ಲಿ ಫೋನ್ ನಂಬರ್ ಬದಲು ಗೊತ್ತುಗುರಿ ಇಲ್ಲದ ಅಕ್ಷರ ಇರ್ತವೆ, ನೋಡಿ ಮೋಸದ ಲಿಂಕ್ ಅಂತ ಹೆದರಬೇಡಿ, https:// ಆದ್ಮೇಲೆ ಮುಂದಿನ / ಬರೋವರೆಗೆ ನಮ್ಮ ವೆಬ್‌ಸೈಟಿನ ಹೆಸರು ಮಾತ್ರ ಇದ್ಯಾ ಅಂತ ನೋಡ್ಕೊಳ್ಳಿ. ಇನ್ಮೇಲೆ ಐಪಿ ಅಡ್ರೆಸ್ಸಿನ, ಅಂದ್ರೆ ನಿಮ್ಮ ಇಂಟರ್ನೆಟ್ ಕನೆಕ್ಷನ್ನಿಗಿರೋ ನಂಬರಿನ, ನಾಲ್ಕು ಭಾಗದಲ್ಲಿ ಕೊನೇ ಎರಡನ್ನ ಸೊನ್ನೆ ಮಾಡೇ ಇಡ್ತೀವಿ, ಕಚ್ಚಾ ಲೆಕ್ಕ 180 ದಿನ ದಾಟಿದ್ರೆ ಅದರಷ್ಟಕ್ಕೆ ಅಳಿಸಿಹೋಗೋ ಹಾಗೂ ಮಾಡಿದ್ದೀವಿ.

ಒಂದ್ಸಲ ಅಳಿಸಿದ್ರೆ ವಾಪಸ್ ಬರಲ್ಲ. ನನ್ನ ನಂಬರ್ ಅದ್ರಲ್ಲಿತ್ತಾ ಅಂತ ತಿಳ್ಕೋಬೇಕು ಅನ್ನೋರು 25ರೊಳಗೆ ಅದೇ ನಂಬರಿಂದ ಆಫೀಸಿಗೆ ಫೋನ್ ಮಾಡಿ, ಬೇರೆ ನಂಬರಿಂದ ಮಾಡಿದ್ರೆ ನಾವು ಹೇಳಲ್ಲ, ಬೇಜಾರ್ ಮಾಡ್ಕೋಬೇಡಿ. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಇರ್ತೀವಿ. ಆಲೆಮನೆ ನಂಬರಿಗೆ ಮಾತ್ರ ಮಾಡ್ಬೇಡಿ, ಕೊಪ್ಪರಿಗೆ ಮುಂದೆ ಪಾಕ ನೋಡ್ತಾ ನಿಂತೋರಿಗೆ ಫೋನ್ ಎತ್ತೋಕಾಗಲ್ಲ.

ಇಂತಿ ನಿಮ್ಮ,
ಸಂಘದ ಕಾರ್ಯದರ್ಶಿ, ಮಂಡ್ಯ