ಕಬ್ಬು ಕಚ್ಚಿದ ರಾತ್ರಿ

ಮೊನ್ನೆ ಹಲ್ಲಿನ ಕ್ಲಿಪ್ ತೆಗೆಸಿಕೊಂಡು ಬಂದೆ. 23 ತಿಂಗಳು. ಉಬ್ಬುಹಲ್ಲು ಸರಿಪಡಿಸಿಕೊಳ್ಳಲು ನಲವತ್ತರ ಹೊಸ್ತಿಲಲ್ಲಿ ಈ ಸಾಹಸ; ಎಷ್ಟು ಹಲ್ಲು ಕೀಳಿಸಿದೆ ಎಂದೆಲ್ಲ ಕೊರೆಯುವುದಿಲ್ಲ. ಡಾಕ್ಟರಿಗೆ, ಮುಖ ಸಿಂಡರಿಸದೆ ರಜೆ ಕೊಟ್ಟ ಮುಖ್ಯೋಪಾಧ್ಯಾಯರಿಗೆ, ದಿನವೂ ಮುದ್ದೆ ತೊಳಸಿದ ಅತ್ತೆಗೆ (ಅಗಿಯಬೇಕಿಲ್ಲದ ಊಟ, ನಮ್ಮ ಮಂಡ್ಯದವರ ಪುಣ್ಯ), "ಟೀಚರ್ ಬಾಯಿಗೆ ಬೇಲಿ" ಎಂದ ಏಳನೇ ತರಗತಿಯ ಮಕ್ಕಳಿಗೂ ನಮಸ್ಕಾರ.

ಉಳಿದ ಮಾತೆಲ್ಲ ಕ್ಲಿನಿಕ್ಕಿನ ಸಿಸ್ಟರ್‌ಗೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಮೊದಲ ದಿನ ಹಲ್ಲಿನ ಅಚ್ಚು ತೆಗೆಯುವಾಗ ಆ ತಣ್ಣನೆಯ ಹಿಟ್ಟು ಗಂಟಲಿಗೇ ಇಳಿದಂತಾಗಿ ಓಕರಿಕೆ ಬಂತು. "ಮೂಗಿನಲ್ಲಿ ಉಸಿರಾಡಿ ಅಕ್ಕ, ಕಾಲಿನ ಹೆಬ್ಬೆರಳು ಆಡಿಸುತ್ತಿರಿ" ಎಂದರು. ಹೆಬ್ಬೆರಳು ಆಡಿಸುತ್ತಿರುವಾಗಲೇ ಅಚ್ಚು ಗಟ್ಟಿಯಾಗಿತ್ತು. ಹಲ್ಲಿಗೆ ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲ; ಕ್ಲಿಪ್ ಅಂಟಿಸಿದ ದಿನ ಎಂಜಲು ಹೀರುವ ಕೊಳವೆ ಹಿಡಿದು ಕೊನೆಯವರೆಗೂ ಬಾಗಿಯೇ ನಿಂತಿದ್ದರು. ಡಾಕ್ಟರು ಕೈ ಚಾಚುವಷ್ಟರಲ್ಲಿ ಬೇಕಾದ ಇಕ್ಕಳ ಅಲ್ಲಿರುತ್ತಿತ್ತು. ತಂತಿಯ ಸಂದಿಗೆ ಸಣ್ಣ ಬ್ರಷ್ ತೂರಿಸುವುದನ್ನು ಕನ್ನಡಿ ಹಿಡಿದು ಕಲಿಸಿದವರೂ ಅವರೇ. ನಾನು ಒಳ್ಳೆಯ ವಿದ್ಯಾರ್ಥಿನಿಯಾಗಿರಲಿಲ್ಲ.

ಕಳೆದ ಸಂಕ್ರಾಂತಿಯ ದಿನ, ಅವರು ಬೇಡವೆಂದಿದ್ದರೂ, ಒಂದೇ ಒಂದು ಗಿಣ್ಣು ಎಂದು ಕಬ್ಬು ಸಿಗಿದೆ. ರಾತ್ರಿ ಹನ್ನೊಂದಕ್ಕೆ ತಂತಿಯ ತುದಿ ಕೆನ್ನೆಯೊಳಗೆ ನೆಟ್ಟಿತ್ತು. ಕ್ಲಿನಿಕ್ಕಿಗೆ ರಜೆ. ಅವರ ಮೊಬೈಲಿಗೆ ಕರೆ ಮಾಡಿದೆ. "ನೀವೇ ಕತ್ತರಿಸಲು ಹೋಗಬೇಡಿ. ಹತ್ತಿಯಲ್ಲಿ ಒರೆಸಿ, ಕ್ಲಿಪ್ಪಿಗೆ ಹಚ್ಚುವ ಮೇಣವನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ ತುದಿಗೆ ಒತ್ತಿ." ಎರಡು ಸಲ ಜಾರಿತು, ಮೂರನೆಯ ಸಲ ನಿಂತಿತು. ನೋವು ಇಳಿಯಿತು, ಅಳು ನಿಲ್ಲಲಿಲ್ಲ. ಮದುವೆಯ ಆಲ್ಬಮ್ಮಿನ ಒಂದು ಫೋಟೋದಲ್ಲೂ ನಾನು ಬಾಯಿ ತೆರೆದಿಲ್ಲ, ಶಾಲೆಯಲ್ಲಿ ನನ್ನನ್ನು ಉಬ್ಬುಹಲ್ಲಿ ಎನ್ನುತ್ತಿದ್ದರು ಎಂದೆಲ್ಲ ಹೇಳಿಬಿಟ್ಟೆ. ಗಂಡನಿಗೂ ಹೇಳದ ಮಾತು. ಅವರು ಸಮಾಧಾನ ಹೇಳಲಿಲ್ಲ, ಫೋನನ್ನೂ ಇಡಲಿಲ್ಲ. ಆ ಕಡೆಯಿಂದ ಪಾತ್ರೆ ತೊಳೆಯುವ ಸದ್ದು, ನಡುನಡುವೆ ಒಂದು "ಹೂಂ".

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಗಿಲು ತೆರೆದು ಕುರ್ಚಿ ಸಜ್ಜು ಮಾಡಿದ್ದರು. ಡಾಕ್ಟರು ಬಂದು ತುದಿ ಕತ್ತರಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ರಾತ್ರಿಯ ಮಾತನ್ನು ಸಿಸ್ಟರ್ ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಸಿಸ್ಟರ್, ಈ ಸಂಕ್ರಾಂತಿಗೆ ಎಳ್ಳು ಬೀರಲು ಮೊದಲು ನಿಮ್ಮ ಮನೆಗೇ ಬರುತ್ತೇನೆ. ಕಬ್ಬನ್ನು ಸಣ್ಣಗೆ ಹೆಚ್ಚಿಯೇ ತರುತ್ತೇನೆ. ಹಲ್ಲು ಮತ್ತೆ ಜರುಗದಂತೆ ಹಾಕಿಕೊಳ್ಳುವ ರಿಟೇನರ್‌ನ ಡಬ್ಬಿ ಎಲ್ಲಿ ಎಂದು ಕೇಳಬೇಡಿ, ಕೈಚೀಲದಲ್ಲೇ ಇರುತ್ತದೆ.